ಹೊಳೆಗೆ ಬಿಟ್ಟ ಲಿಂಗ

ನೀರಿನಲ್ಲಿ ಕಲಸಿದ ವಿಭೂತಿಯ ವಾಸನೆ ಬಂದರೆ ನನಗೆ ಈಗಲೂ ಭಕ್ತಿ ಬರುವುದಿಲ್ಲ, ತಾತನ ಸಿಟ್ಟು ನೆನಪಾಗುತ್ತದೆ.

ಐವತ್ತರ ದಶಕದ ಒಂದು ಮಧ್ಯಾಹ್ನ, ಪಿರಿಯಾಪಟ್ಟಣದ ನಮ್ಮ ಮನೆಯ ಹೊಸ್ತಿಲಾಚೆ ಚಿಕ್ಕಪ್ಪ ಬಂದು ನಿಂತಿದ್ದ. ಮೂರು ವರ್ಷದ ಹಿಂದೆ ಕೊರಳಿನ ಇಷ್ಟಲಿಂಗವನ್ನು ಕಿತ್ತು ತಾತನ ಮುಂದೆ ಎಸೆದು, ಇದರ ಹಂಗೇ ಬೇಡವೆಂದು ಕೊಡಗಿನ ಕಾಫಿ ತೋಟಕ್ಕೆ ಹೋಗಿದ್ದವನು ಅವನು. ಈಗ ಮೈಯೆಲ್ಲ ಹೆಂಡದ ನಾತ.

"ನನ್ ಲಿಂಗ ಕೊಡಪ್ಪ, ತಿರ್ಗಾ ಕಟ್ಕೊತೀನಿ" ಎಂದ.

ಪೂಜೆಗೆ ವಿಭೂತಿ ಕಲಸುತ್ತಿದ್ದ ತಾತ ಒಳಜಗಲಿಯಿಂದ ಏಳಲಿಲ್ಲ. "ಯಾವ್ ಲಿಂಗ ಕಣ್ಲಾ? ನೀನ್ ಬಿಸಾಕಿದ್ ದಿನ್ವೇ ಹೊಳೆಗೆ ಬುಟ್ಟೆ. ನೀನೂ ಅಂಗೇ ಹೋದೆ ಅಂದ್ಕೊಂಡಿವ್ನಿ. ನಡಿ."

ನಾನು ಎಂಟು ವರ್ಷದ ಹುಡುಗಿ. ತಾತ ಸುಳ್ಳು ಹೇಳಿದ್ದನ್ನು ಕೇಳಿದ್ದು ಅದೇ ಮೊದಲು. ಬಾಯಿ ಸುಮ್ಮನಿರಲಿಲ್ಲ.

"ದಿನಾ ಎರಡ್ ಲಿಂಗ ಪೂಜೆ ಮಾಡ್ತೀಯಲ್ಲ ತಾತ, ಇನ್ನೊಂದ್ ಯಾರ್ದು?"

ಕಪಾಳಕ್ಕೆ ಏಟು ಬಿತ್ತು. ತಾತನ ಬೆರಳಿನ ವಿಭೂತಿ ನನ್ನ ಕೆನ್ನೆಗೆ ಮೆತ್ತಿಕೊಂಡಿತು. ಆಮೇಲೆ ಅವನು ಒಳಗೆ ಹೋಗಿ, ಶಿವದಾರದ ಸಮೇತ ಲಿಂಗವನ್ನು ತಂದು, ಮಗನ ಅಂಗೈಯಲ್ಲಿಟ್ಟ. ಮುಖ ಮಾತ್ರ ನೋಡಲಿಲ್ಲ.

"ಶಿವ ನಿನ್ನ ಬುಟ್ಟಿಲ್ಲ ಕಣ. ನಾನ್ ಬುಟ್ಟಿವ್ನಿ. ಈ ಮನೇಲಿ ನಿಂಗೆ ನೀರೂ ಇಲ್ಲ."

ಬಾಗಿಲು ಹಾಕಿಕೊಂಡಿತು. ಚಿಕ್ಕಪ್ಪ ಬೀದಿಯಲ್ಲೇ ನಿಂತು ಲಿಂಗ ಕಟ್ಟಿಕೊಳ್ಳುವುದನ್ನು ಕಿಟಕಿಯಿಂದ ನೋಡಿದೆ. ಶಿವದಾರ ಹೊಚ್ಚ ಹೊಸದು. ಹಿಂದಿನ ಸೋಮವಾರ ತಾತ ಅದನ್ನು ತೊಡೆಯ ಮೇಲೆ ಹೊಸೆಯುವಾಗ ಇನ್ನೊಂದು ತುದಿ ಹಿಡಿದಿದ್ದವಳು ನಾನೇ.

"ಗಟ್ಟಿಯಾಗಿ ಇಡ್ಕೊಳವ್ವ," ಅಂದಿದ್ದ, "ಈ ಸಲ ಹರೀಬಾರ್ದು."