ದಡದಲ್ಲಿ ನಿಂತ ಆನೆಮರಿ

ಮಡಿಯಲ್ಲಿ ಅಡುಗೆ ಮಾಡುತ್ತಿದ್ದ ಗೋದಾಬಾಯಿಯ ಬೆರಳು ಪುಸ್ತಕಕ್ಕೆ ಇನ್ನೇನು ತಾಗಬೇಕು ಎನ್ನುವಷ್ಟರಲ್ಲಿ ನಿಂತಿತು. ಮುಟ್ಟಿದರೆ ಮೈಲಿಗೆ, ಮತ್ತೆ ಸ್ನಾನ, ಮತ್ತೆ ಒದ್ದೆ ಸೀರೆ. ದೇವರ ಮನೆಯಲ್ಲಿ ಗಂಡ ವಾಸುದೇವರಾಯರು ನೈವೇದ್ಯಕ್ಕೆ ಕಾದು ಕುಳಿತಿದ್ದರು. ಅದಾದ ಮೇಲೆ ಅವರು ಊಟ ಮಾಡಿ ತಹಸೀಲ ಕಚೇರಿಗೆ ಹೋಗಬೇಕು.

ಮಗ ಹೈದರಾಬಾದಿನಿಂದ ತಂದ ಕಾಡಿನ ಪುಸ್ತಕ ಅದು. ಇಷ್ಟು ಹೊತ್ತು ಸೊಸೆ ಸುಶೀಲಾ ಅಡುಗೆಮನೆಯ ಹೊಸ್ತಿಲಾಚೆ ಕುಳಿತು, ಅತ್ತೆ ಓದಿ ಮುಗಿಸಿದಂತೆಲ್ಲ ಹಾಳೆ ತಿರುವಿ ಕೊಡುತ್ತಿದ್ದಳು. ಕೂಸು ಅತ್ತಿತೆಂದು ಈಗಷ್ಟೇ ಎದ್ದು ಹೋಗಿದ್ದಳು. ತೆರೆದಿದ್ದ ಪುಟದ ಕೊನೆಯ ಸಾಲಿನಲ್ಲಿ ಆನೆಗಳೆಲ್ಲ ತುಂಬಿದ ಹೊಳೆಗೆ ಇಳಿದಿದ್ದವು. ಮರಿಯೊಂದು ಮಾತ್ರ ದಡದಲ್ಲೇ ನಿಂತಿತ್ತು. ಚಿತ್ತಾಪುರ ಬಿಟ್ಟು ಹೆಚ್ಚು ದೂರ ಹೋಗದ ಗೋದಾಬಾಯಿಯ ಪಾದಕ್ಕೆ ತಣ್ಣಗೆ ನೀರು ತಗುಲಿದಂತಾಯಿತು.

ಸುಶೀಲಾ ಕೂಸನ್ನು ಎತ್ತಿಕೊಂಡು ಬಂದು ನೋಡಿದರೆ, ತಿರುವಿದ ಹಾಳೆಯ ಮೂಲೆಯಲ್ಲಿ ಅರಿಸಿನದ ಬೆರಳಚ್ಚು ಮೂಡಿತ್ತು. ದೇವರ ಮನೆಯಲ್ಲಿ ರಾಯರು ಕೆಮ್ಮಿದರು.

“ಅತ್ಯಾ, ಮುಟ್ಟೇ ಬಿಟ್ರಲ್ರೀ. ಸ್ನಾನಕ್ಕ ನೀರು ಸೇದ್ಲೇನ್ರಿ?”

ಗೋದಾಬಾಯಿ ಪುಸ್ತಕವನ್ನು ಎತ್ತಿ ತೊಡೆಯ ಮೇಲಿಟ್ಟುಕೊಂಡರು.

“ಹೆಂಗೂ ಮೈಲಿಗಿ ಆಗೇದ. ನೀನೂ ಕುಂದ್ರು, ಮರಿ ಹೊಳಿ ದಾಟಲಿ.”