ವೆನಿಸ್ಸಿನ ಮುಳ್ಳುಚಮಚ

ಸೌಟು ಮತ್ತೆ ಪೆರಿನ್‌ಳ ಬೆರಳ ಗೆಣ್ಣಿಗೇ ಬಿತ್ತು.

“ಎಷ್ಟು ಸಲ ಹೇಳ್ಬೇಕೇ ನಿಂಗೆ? ಮಾಂಸಕ್ಕೆ ಬೆರಳು ತಾಗಬಾರದು!” ಊಟದ ನಡತೆ ಕಲಿಸಲು ವರ್ಷದಿಂದ ಮನೆಯಲ್ಲೇ ಇದ್ದ ಕ್ಲೋದಿನ್ ಹಲ್ಲು ಕಡಿದಳು. “ಇನ್ನೊಂದು ಗಂಟೇಲಿ ಗಂಡಿನೋರು ಬರ್ತಾರೆ. ಕೈ ಎಂಜಲಾಯ್ತೋ, ಸಂಬಂಧ ಮುರೀತು ಅಂತ್ಲೇ ತಿಳ್ಕೋ.”

ಪೆರಿನ್ ತಿಳಿದುಕೊಂಡಳು. ಚೆನ್ನಾಗಿಯೇ ತಿಳಿದುಕೊಂಡಳು.

ಅವಳ ಅಪ್ಪ ಬುಸಾರ್ ನಾಂತ್ ಬಂದರಿನ ಉಪ್ಪಿನ ವ್ಯಾಪಾರಿ. ಮುಂದೆ ಹುಟ್ಟುವ ಮೊಮ್ಮಗ ಕುಲೀನನೆನಿಸಬೇಕು ಎಂಬುದೊಂದೇ ಹುಚ್ಚು. ಗಂಡು ಫ್ರೆನೆ ಕೋಟೆಯ ಗಾಸ್ಪಾರ್. ಕೋಟೆಯ ಸೂರು ಸೋರುತ್ತಿತ್ತು, ದುಡ್ಡು ಬೇಕಿತ್ತು. ಅವನಿಗೆ ನಲವತ್ತೆಂಟು, ಇಬ್ಬರು ಹೆಂಡಿರನ್ನು ಹೂತವನು. ಎರಡನೆಯವಳು ಮೆಟ್ಟಿಲಿನಿಂದ ಜಾರಿ ಬಿದ್ದಳಂತೆ. ಕತ್ತಿನ ಮೇಲೆ ಬೆರಳಿನ ಗುರುತಿತ್ತೆಂದು ಹೆಣ ತೊಳೆದವಳೇ ಪೆರಿನ್‌ಗೆ ಹೇಳಿದ್ದಳು.

“ಅಪ್ಪ, ಅವನು ನನ್ನನ್ನೂ ಕೊಲ್ತಾನೆ.”

“ಸತ್ರೂ ಕೋಟೆ ಒಡತಿಯಾಗಿ ಸಾಯ್ತೀಯ. ಉಪ್ಪಿನ ಮೂಟೆ ಮೇಲಲ್ವಲ್ಲ!”

ಮಧ್ಯಾಹ್ನ ಗಾಸ್ಪಾರ್ ತಾಯಿಯೊಡನೆ ಬಂದ. ಒಪ್ಪುವುದು ಬಿಡುವುದು ಮುದುಕಿಯದೇ. ಹುರಿದ ಬಾತುಕೋಳಿ ಬಂತು. ಪ್ರತಿ ತಟ್ಟೆಯ ಪಕ್ಕದಲ್ಲೂ ಒಂದೊಂದು ಬೆಳ್ಳಿಯ ಮುಳ್ಳುಚಮಚ.

“ವೆನಿಸ್ಸಿಂದ ತರಿಸಿದ್ದು, ಮದಾಮ್.” ಬುಸಾರ್ ಒಂದು ಚೂರನ್ನು ಚುಚ್ಚಿ, ಕಿರುಬೆರಳೆತ್ತಿ ಬಾಯಿಗಿಟ್ಟ. “ನಮ್ಮನೇಲಿ ಯಾರೂ ಕೈ ಹಾಕಿ ತಿನ್ನಲ್ಲ.”

“ಕಾಣ್ತಿದೆ,” ಎಂದಳು ಮುದುಕಿ. ಅವಳಿನ್ನೂ ಒಂದು ತುತ್ತೂ ಮುಟ್ಟಿರಲಿಲ್ಲ. ಮುಳ್ಳುಚಮಚ ಹಿಡಿದ ಪೆರಿನ್‌ಳ ಕೈಯನ್ನೇ ನೋಡುತ್ತಿದ್ದಳು. “ಮಗಳಿಗೂ ಚೆನ್ನಾಗಿ ಕಲಿಸಿದ್ದೀಯ.” ತುಟಿ ಸೊಟ್ಟಗಾಯಿತು.

ವರ್ಷದ ಸಿಟ್ಟೆಲ್ಲ ಪೆರಿನ್‌ಳ ಕೈಗೆ ಬಂತು. ಮುಳ್ಳುಚಮಚವನ್ನು ನೆಲಕ್ಕೆಸೆದಳು. ಬಾತಿನ ಕಾಲು ಹಿಡಿದು ತಿರುಚಿದಳು. ಮೂಳೆ ಲಟ್ಟೆಂದಿತು. ಹಲ್ಲಿನಲ್ಲಿ ಕಚ್ಚಿ ಎಳೆದಳು. ಜಿಡ್ಡು ಮೊಣಕೈವರೆಗೆ ಇಳಿಯಿತು. ಮುದುಕಿಯನ್ನು ದುರುಗುಟ್ಟಿ ನೋಡುತ್ತಲೇ ಒಂದೊಂದಾಗಿ ಬೆರಳು ನೆಕ್ಕಿದಳು.

ಬುಸಾರ್ ಸುಣ್ಣದಂತೆ ಬಿಳಿಚಿಕೊಂಡ. “ಮದಾಮ್, ಇವಳಿಗೆ ಇವತ್ತು ಮೈ ಸರಿ ಇಲ್ಲ...”

“ಬಾಯ್ಮುಚ್ಚಯ್ಯ, ಉಪ್ಪಿನವನೇ.” ಮುದುಕಿ ತನ್ನ ಮುಳ್ಳುಚಮಚವನ್ನು ಆಚೆ ತಳ್ಳಿ, ಅಂಗಿಯ ತೋಳು ಮಡಚಿ, ಮೂರೇ ಬೆರಳಲ್ಲಿ ಬಾತಿನ ಎದೆ ಕಿತ್ತು ಬಾಯಿಗೆ ಹಾಕಿಕೊಂಡಳು. “ನಮ್ಮ ವಂಶದಲ್ಲಿ ಐನೂರು ವರ್ಷದಿಂದ ಉಣ್ಣೋದು ಹೀಗೇ. ಈ ಹುಲ್ಲು ಕೆದಕೋ ಕವೆಗೋಲೆಲ್ಲ ನಿನ್ನೆ ಮೊನ್ನೆ ದುಡ್ಡು ಕಂಡೋರಿಗೆ. ಎದ್ದು ಹೋಗೋಣ ಅಂತಿದ್ದೆ. ಸದ್ಯ, ಈ ಮನೇಲಿ ಇವಳೊಬ್ಬಳಾದ್ರೂ ದೊಡ್ಡ ಮನೆತನದೋರ ಹಾಗೆ ತಿಂದಳಲ್ಲ! ಗಾಸ್ಪಾರ್, ತೊಡಿಸು.”

ಜಿಡ್ಡಾದ ಬೆರಳಿಗೆ ಉಂಗುರ ಸಲೀಸಾಗಿ ಇಳಿಯಿತು.