ಒಂಬತ್ತನೇ ಗುಳಿಯ ಎಳೆ ಹುಲ್ಲು

ಗಾಲ್ಫ್ ಮೈದಾನದ ಒಂಬತ್ತನೇ ಗುಳಿಯ ಸುತ್ತ ಬೆಳಿಗ್ಗೆ ಮತ್ತೆ ತಟ್ಟೆಯಗಲದ ಕಂದು ಕಲೆಗಳು ಕಂಡಾಗ ಹುಲ್ಲು ನೋಡಿಕೊಳ್ಳುವ ಚೆಲುವಾಜಮ್ಮ ತಲೆ ಚಚ್ಚಿಕೊಂಡಳು. ಮಣ್ಣಿನಿಂದ ಏರುವ ಕೊಳೆರೋಗ. ಇನ್ನಷ್ಟು ಹಬ್ಬಿದರೆ ಎಲ್ಲವನ್ನೂ ಕಿತ್ತು ಸುಡಬೇಕೆಂದು ಕ್ಲಬ್ಬಿನವರು ಹೇಳಿಯಾಗಿತ್ತು.

"ಅಕ್ಕಾ, ನೀರು," ಎಂದಿತು ಹುಲ್ಲು.

"ಸುಮ್ಕಿರು! ಬೇರು ಕೊಳೀತಾ ಅದೆ, ಇನ್ನೂ ನೀರಂತೆ!"

ಅಡಿಯ ಹಳೆ ಹುಲ್ಲು ಚಳಿ ಬಂತೆಂದರೆ ಬೇಸಿಗೆಯವರೆಗೆ ಮಲಗಿಬಿಡುತ್ತಿತ್ತು, ಅದರ ಕಾಟವಿರಲಿಲ್ಲ. ಚಳಿಗಾಲಕ್ಕೆಂದು ಅದರ ಮೇಲೆ ಬಿತ್ತಿದ ಈ ಎಳೆಯದು ಮಾತ್ರ, ಮಾತು ಬಂದ ದಿನದಿಂದ, ಹೋಗಿಬರುವವರನ್ನೆಲ್ಲ ನೀರು ಕೇಳುತ್ತಿತ್ತು. ಅವಳು ನಲ್ಲಿಗೆ ಬೀಗ ಹಾಕಿದ್ದಳು. ಆದರೂ ನೆಲ ಒದ್ದೆ.

"ಯಾರು ಹುಯ್ದೋರು?"

ಕಾವಲುಗಾರ ಸಿದ್ದಪ್ಪಾಜಿ ತಂಬಿಗೆಯನ್ನು ಬೆನ್ನ ಹಿಂದೆ ಸರಿಸಿದ. "ಒಂದೇ ಗುಟುಕು ಕಣವ್ವ. ಮಗೀನಂಗೆ ಕೇಳ್ತದೆ."

ಆಡಲು ಬಂದಿದ್ದ ಬೋಪಯ್ಯನವರು ಕೈಯಲ್ಲಿದ್ದ ಖಾಲಿ ನೀರಿನ ಬಾಟಲಿಯನ್ನೇ ನೋಡುತ್ತ ನಿಂತರು.

"ಸಾಹೇಬ್ರೆ, ನೀವೂನಾ? ನಿಮ್ ಕರುಣೆಗಿಷ್ಟು ಬೆಂಕಿ ಹಾಕ! ಎಲ್ಲಾ ಸೇರಿ ಇದನ್ನ ಸಾಯಿಸ್ತಾ ಇದ್ದೀರಿ!"

"ಅಕ್ಕಾ," ಎಂದಿತು ಹುಲ್ಲು, ಸಣ್ಣಗೆ.

ಬೈಯುತ್ತಲೇ ಅವಳು ಮಂಡಿಯೂರಿ, ಒದ್ದೆ ಆರಲೆಂದು ಸೆರಗಿನಿಂದ ಗಾಳಿ ಹಾಕತೊಡಗಿದಳು. ಸ್ವಲ್ಪ ಹೊತ್ತಿಗೆ ಬೋಪಯ್ಯನವರು ಹ್ಯಾಟು ತೆಗೆದು ಬೀಸಿದರು. ಸಿದ್ದಪ್ಪಾಜಿ ತಂಬಿಗೆಯನ್ನು ದೂರವಿಟ್ಟು ಹೆಗಲ ಟವೆಲ್ಲು ಕೊಡವಿದ. ಹುಲ್ಲು ನೀರಿನ ಮಾತು ಮರೆತು, "ಇನ್ನೂ ಬೀಸಿ," ಎಂದಿತು.

"ಇನ್ನೂ ಅಂತೆ, ಇನ್ನೂ!" ಎಂದು ಸಿಡುಕಿದ ಚೆಲುವಾಜಮ್ಮ ಕೈ ಬದಲಿಸಿಕೊಂಡು ಬೀಸಿದಳು.